ಚಕ್ಕುಬಂದಿಯ ನಾಲ್ಕು ಸಾಲು

ಕರ್ನಾಟಕದಲ್ಲಿ ನೋಂದಣಿಯಾಗುವ ಮನೆಯ ಕ್ರಯಪತ್ರದ ಕೊನೆಯಲ್ಲಿ ಷೆಡ್ಯೂಲು ಎಂಬ ಭಾಗವಿದ್ದು, ಅದರಲ್ಲಿ ಸ್ವತ್ತಿನ ಸಂಖ್ಯೆ ಮತ್ತು ಅಳತೆಯ ಜೊತೆಗೆ ಚಕ್ಕುಬಂದಿ, ಎಂದರೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಗಳಲ್ಲಿ ಆ ಸ್ವತ್ತಿಗೆ ತಾಗಿಕೊಂಡು ಏನಿದೆ, ಯಾರ ಮನೆಯಿದೆ ಎಂಬ ವಿವರ ದಾಖಲಾಗಿರುತ್ತದೆ. ಹಳೆಯ ಶಾಸನಗಳು ದಾನಭೂಮಿಯನ್ನು ಗುರುತಿಸುವಾಗ ಚತುಸ್ಸೀಮೆ ಎಂದದ್ದೂ ಇದನ್ನೇ. ಮಧ್ಯವರ್ತಿಗಳ ಬಾಯಲ್ಲಿ ಮನೆಯ ವ್ಯಾಪಾರವೆಲ್ಲ ಚದರಡಿಯ ಲೆಕ್ಕದಲ್ಲೇ ನಡೆಯುತ್ತದೆ. ಪತ್ರಬರಹಗಾರರು ಚಕ್ಕುಬಂದಿಯನ್ನು ಹಿಂದಿನ ಪತ್ರದಿಂದ ಹಾಗೆಯೇ ಇಳಿಸಿಬಿಡುವುದು, ಕೊಳ್ಳುವವರು ಅದನ್ನು ಓದದೆಯೇ ಪುಟಪುಟಕ್ಕೂ ಸಹಿ ಹಾಕುವುದು ವಾಡಿಕೆ. ಅಳತೆಗೂ ಚಕ್ಕುಬಂದಿಗೂ ತಾಳೆಯಾಗದೆ ವ್ಯಾಜ್ಯವೆದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಯ ಕಡೆಗೇ ವಾಲುತ್ತವೆ ಎಂಬುದನ್ನು ನೆನೆದರೆ ಈ ಅಸಡ್ಡೆ ಎಷ್ಟು ದುಬಾರಿಯೆಂಬುದು ತಿಳಿಯುತ್ತದೆ. ವಿಶಾಲವಾದ ಬಡಾವಣೆಗಳಲ್ಲಿ ಹೇಗೋ ನಡೆದೀತು. ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವದ ಇಕ್ಕಟ್ಟಾದ ಕೇರಿಗಳಲ್ಲಿ ಮನೆಯ ಅರ್ಧ ಬದುಕು ಆ ನಾಲ್ಕು ಸಾಲುಗಳಲ್ಲೇ ಇರುತ್ತದೆ.

ಈ ಇಕ್ಕಟ್ಟು ಇಂದು ನೆನ್ನೆಯದಲ್ಲ. ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನ್ಯ ಅಲ್ಲಿನ ಚಳಿಜ್ವರ ತಾಳಲಾರದೆ 1809ರಲ್ಲಿ ಹಲಸೂರಿನ ಬಳಿಗೆ ಬಂದು ನೆಲೆಯೂರಿದಾಗ, ಅಧಿಕಾರಿಗಳಿಗೆ ತೋಟವೇ ಸುತ್ತುವರಿದ ಬಂಗಲೆಗಳು ಎದ್ದವು. ಸೈನ್ಯದ ಬೆನ್ನಿಗೆ ಬಂದ ವ್ಯಾಪಾರಿಗಳು, ದರ್ಜಿಗಳು, ಅಡುಗೆಯವರು, ಕೂಲಿಗಳು ಮಾತ್ರ ಹಲಸೂರಿನಲ್ಲಿಯೂ ಆಗ ಬ್ಲಾಕ್‌ಪಳ್ಳಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರದಲ್ಲಿಯೂ ಗೋಡೆಗೆ ಗೋಡೆ ಸೇರಿಸಿ ಮನೆ ಕಟ್ಟಿಕೊಂಡರು. ಕೆಲಸದ ಜಾಗಕ್ಕೆ ಕಾಲ್ನಡಿಗೆಯಲ್ಲಿ ಹೋಗಬೇಕಾದವರಿಗೆ ಅಂಗಳಕ್ಕಿಂತ ಸಾಮೀಪ್ಯ ಮುಖ್ಯವಾಗಿತ್ತು, ಆ ಲೆಕ್ಕ ಇಂದಿಗೂ ಬದಲಾಗಿಲ್ಲ.

ಹಲಸೂರಿನ ಸೋಮೇಶ್ವರ ದೇವಾಲಯದ ಸುತ್ತಲಿನ ಗಲ್ಲಿಗಳಲ್ಲಿ ಬೆಳಗಿನ ಆರೂವರೆಯ ಹೊತ್ತಿಗೆ ಕಾಣುವ ನೋಟ ಈ ಬದುಕಿನ ನಿಯಮಗಳನ್ನೆಲ್ಲ ಬಿಡಿಸಿ ತೋರಿಸುತ್ತದೆ. ಹತ್ತಡಿ ಅಗಲದ ಮನೆಯ ಮೆಟ್ಟಿಲಿನ ಕೆಳಗೆ ಸಂಪಿನ ಮುಚ್ಚಳ, ನೀರು ಬರುವ ದಿನವಾದರೆ ಅದು ತೆರೆದಿರುತ್ತದೆ. ಅದರ ಪಕ್ಕದಲ್ಲಿ ಒಂದು ಮನೆಯ ರಂಗೋಲಿಯ ಕೊನೆಯ ಎಳೆ ಮುಂದಿನ ಮನೆಯ ರಂಗೋಲಿಯ ಮೊದಲ ಚುಕ್ಕಿಗೆ ಗೇಣು ದೂರದಲ್ಲಿ ನಿಲ್ಲುತ್ತದೆ, ಯಾರೂ ಗೆರೆ ಎಳೆದು ಹಂಚಿಕೊಡದಿದ್ದರೂ ಒಬ್ಬರದು ಇನ್ನೊಬ್ಬರದರೊಳಗೆ ನುಗ್ಗುವುದಿಲ್ಲ. ಎರಡು ಗೋಡೆಗಳ ನಡುವೆ ಉಳಿದ ಒಂದೂವರೆ ಅಡಿಯ ಸಂದಿನಲ್ಲಿ ನಾಲ್ಕು ಮನೆಗಳ ಪೈಪುಗಳು ಇಳಿಯುತ್ತವೆ, ಅಲ್ಲಿ ಒಂದು ಪೈಪು ಒಡೆದರೆ ನೀರು ಪೈಪಿನವರ ಗೋಡೆಗಲ್ಲ, ಎದುರಿನವರ ಗೋಡೆಗೆ ಇಳಿಯುತ್ತದೆ. ಆ ಸಂದು ಯಾರದೆಂದು ಪತ್ರದಲ್ಲಿ ನೋಡಹೋದರೆ ಎರಡೂ ಕಡೆಯವರ ಚಕ್ಕುಬಂದಿಯಲ್ಲಿ ಪರಸ್ಪರರ ಮನೆಯ ಹೆಸರಿರುತ್ತದೆಯೇ ಹೊರತು ಸಂದಿನ ಪ್ರಸ್ತಾಪವೇ ಇರುವುದಿಲ್ಲ, ಅಂದರೆ ಕಾಗದದ ಮೇಲೆ ಆ ಒಂದೂವರೆ ಅಡಿ ಇಲ್ಲವೇ ಇಲ್ಲ.

ಬೆಳಕು, ಗಾಳಿಯ ವಿಷಯವೂ ಹೀಗೆಯೇ. ಪಕ್ಕದವರ ಜಾಗದ ಕಡೆಯಿಂದ ಬರುವ ಬೆಳಕನ್ನೋ, ಅವರ ಜಾಗದಲ್ಲಿ ಹಾದುಹೋಗುವ ದಾರಿಯನ್ನೋ ಹಕ್ಕಿನಂತೆ, ತಡೆಯಿಲ್ಲದೆ, ಬಹಿರಂಗವಾಗಿ 20 ವರ್ಷ ಅನುಭವಿಸಿಕೊಂಡು ಬಂದರೆ ಅದು ಈಸ್‌ಮೆಂಟ್ ಎಂದು ವಕೀಲರು ಕರೆಯುವ ಅನುಭೋಗದ ಹಕ್ಕಾಗುತ್ತದೆ ಎಂಬುದು ಕಾನೂನಿನಲ್ಲಿದೆ. ಆದರೆ ಕೊಳ್ಳುವ ದಿನ ಕಿಟಕಿಯಲ್ಲಿ ಕಂಡ ಬೆಳಕು ಇಪ್ಪತ್ತು ವರ್ಷದ್ದೋ, ಪಕ್ಕದ ಹಂಚಿನ ಮನೆ ಇನ್ನೂ ಮೂರಂತಸ್ತಾಗದ ಕಾರಣಕ್ಕೆ ಉಳಿದುಕೊಂಡದ್ದೋ ಎಂಬುದನ್ನು ಯಾವ ಪ್ರಮಾಣಪತ್ರವೂ ಹೇಳುವುದಿಲ್ಲ, ಗಲ್ಲಿಯ ಹಿರಿಯರು ಹೇಳುತ್ತಾರೆ.

ಇಕ್ಕಟ್ಟನ್ನು ಬಿಡಿಸಿ ಕಟ್ಟುವ ಪ್ರಯತ್ನವೂ ಇದೇ ದಂಡು ಪ್ರದೇಶದಲ್ಲಿ ನಡೆದಿತ್ತು. 1898ರ ಪ್ಲೇಗಿನ ಅನಾಹುತದ ನಂತರ, ಉಸಿರಾಡುವಷ್ಟು ಎಡೆಯಿರುವ ಹೊಸ ಬಡಾವಣೆಯಾಗಿ ಫ್ರೇಜರ್ ಟೌನ್ ರೂಪುಗೊಂಡಿತು, 1906ರಲ್ಲಿ ಅದಕ್ಕೆ ಶಂಕುಸ್ಥಾಪನೆಯಾಯಿತು. ಮೈಸೂರಿನ ರೆಸಿಡೆಂಟ್ ಆಗಿದ್ದ ಎಸ್. ಎಂ. ಫ್ರೇಜರ್ ಅವರ ಹೆಸರು ಹೊತ್ತ ಆ ಬಡಾವಣೆಯ ಹಿಂದಿದ್ದ ಜೆ. ಎಚ್. ಸ್ಟೀಫನ್ಸ್ 1914ರಲ್ಲಿ ಬೆಂಗಳೂರಿನ ಪ್ಲೇಗ್ ನಿರೋಧಕ ನಗರಯೋಜನೆಯ ಕುರಿತಾಗಿಯೇ ಒಂದು ಪುಸ್ತಕ ಪ್ರಕಟಿಸಿದರು. ಪ್ಲೇಗನ್ನು ತಡೆಯಬೇಕಾದರೆ ಇಲಿಗೆ ಎಡೆಯಿರಬಾರದು, ಗಾಳಿಗೆ ಎಡೆಯಿರಬೇಕು ಎಂಬುದು ಆ ಕಾಲದ ಯೋಜಕರ ಚಿಂತನೆಯಾಗಿತ್ತು. ಮನೆಗಳ ಹಿಂಬದಿಯಲ್ಲಿ ಶೌಚ ಸಾಗಿಸುವವರಿಗಾಗಿ ಬಿಡುತ್ತಿದ್ದ ಕಿರುದಾರಿಗೆ ಕನ್ಸರ್ವೆನ್ಸಿ ಗಲ್ಲಿ ಎಂದು ಹೆಸರು. ಮನುಷ್ಯರಿಂದ ಅಂಥ ಕೆಲಸ ಮಾಡಿಸುತ್ತಿದ್ದ ವ್ಯವಸ್ಥೆ ತೊಲಗಿದ್ದು ಒಳ್ಳೆಯದೇ ಆಯಿತು, ಆದರೆ ಆ ದಾರಿಗಳನ್ನು ಹಿತ್ತಲಿಗೆ ಸೇರಿಸಿಕೊಂಡು ಕೋಣೆ ಕಟ್ಟಿಕೊಂಡದ್ದು ಒಳ್ಳೆಯದಲ್ಲ. ಚಕ್ಕುಬಂದಿಯಲ್ಲಿ ಕನ್ಸರ್ವೆನ್ಸಿ ಗಲ್ಲಿ ಎಂದಿದ್ದು, ಸ್ಥಳದಲ್ಲಿ ಅಡುಗೆಮನೆ ಕಂಡರೆ, ಆ ಅಡುಗೆಮನೆ ಮಾರುವವರದಲ್ಲ, ಸಾರ್ವಜನಿಕರದು.

ಇಂದಿರಾನಗರದ ಕಥೆ ಇನ್ನೂ ವಿಚಿತ್ರವಾದುದು. ಅಳೆದು ಬಿಟ್ಟ ನಿವೇಶನ, ನೂರಡಿ ರಸ್ತೆ, ಮರಗಳ ಸಾಲು ಇವುಗಳಿಂದ ಹೆಸರಾದ ಆ ಬಡಾವಣೆಯ ನಡುನಡುವೆ ಬಿನ್ನಮಂಗಲ, ಮೋಟಪ್ಪನಪಾಳ್ಯ, ಅಪ್ಪಾರೆಡ್ಡಿಪಾಳ್ಯ, ದೂಪನಹಳ್ಳಿ, ಕೋಡಿಹಳ್ಳಿಗಳು ದ್ವೀಪಗಳಂತೆ ಉಳಿದಿವೆ. ಬಿನ್ನಮಂಗಲವಂತೂ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನದಲ್ಲಿ ವಿಣ್ಣಮಂಗಲವೆಂದು ತನ್ನ ಕೆರೆಯ ಸಮೇತ ಕಾಣಿಸಿಕೊಳ್ಳುವಷ್ಟು ಹಳೆಯದು. ಊರಿನ ಮನೆಗಳಿದ್ದ ಜಾಗಕ್ಕೆ ಗ್ರಾಮಠಾಣಾ ಎಂದು ಹೆಸರು; ಸುತ್ತಲಿನ ಹೊಲಗಳು ಬಡಾವಣೆಗೆ ಹೋದವು, ಗ್ರಾಮಠಾಣಾ ಹಾಗೆಯೇ ಉಳಿಯಿತು. ಅಣ್ಣತಮ್ಮಂದಿರ ವಿಭಾಗಪತ್ರಗಳಲ್ಲಿ ಮೂವತ್ತಡಿಯ ಮನೆ ಮೂರು ಹತ್ತಡಿಗಳಾಗಿ ಒಡೆಯುತ್ತ, ಮೆಟ್ಟಿಲು ಮತ್ತು ನಡುಗೋಡೆ ಮಾತ್ರ ಎಲ್ಲರಿಗೂ ಸೇರಿ ಉಳಿಯುತ್ತ ಬಂದ ಈ ಹಳ್ಳಿಗಳಲ್ಲಿ ಒಂದು ಪಾಲನ್ನು ಕೊಳ್ಳುವವರು, ಜನರು ಕಾಮನ್ ಗೋಡೆ ಎನ್ನುವ ಆ ಜಂಟಿ ಗೋಡೆಯ ಅರ್ಧವನ್ನೂ ಅದರ ಹಿಂದಿರುವ ಅಣ್ಣತಮ್ಮಂದಿರ ಮಾತುಕತೆಯನ್ನೂ ಕೊಂಡಿರುತ್ತಾರೆ.

ದಾಖಲೆಗಳ ಮಾತಿಗೆ ಬಂದರೆ, ಸ್ವತ್ತಿನ ಮೇಲಿನ ಸಾಲ, ಮಾರಾಟ ಮುಂತಾದ ನೋಂದಾಯಿತ ವ್ಯವಹಾರಗಳ ಪಟ್ಟಿಯಾದ ಋಣಭಾರ ಪತ್ರವನ್ನು, ಬಳಕೆಯ ಮಾತಿನಲ್ಲಿ ಇ.ಸಿ.ಯನ್ನು, ಎಲ್ಲರೂ ತೆಗೆಸುತ್ತಾರೆ. ತೆರಿಗೆ ದಾಖಲೆಯಾದ ಖಾತಾವನ್ನು ನೋಡುತ್ತಾರೆ, ಅದರ ಗಣಕೀಕೃತ ರೂಪವಾದ ಇ-ಖಾತಾ 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಕಡ್ಡಾಯವೂ ಆಗಿದೆ. ಇ.ಸಿ.ಯಲ್ಲಿ ಕಾಣದ್ದು ಭೋಗ್ಯ. ತಿಂಗಳ ಬಾಡಿಗೆಯಿಲ್ಲದೆ, ದೊಡ್ಡ ಮೊತ್ತವನ್ನು ಒಮ್ಮೆಗೇ ಮಾಲೀಕರ ಕೈಗಿತ್ತು, ಅವಧಿ ಮುಗಿದ ಮೇಲೆ ಅಷ್ಟನ್ನೂ ವಾಪಸು ಪಡೆಯುವ ಕರಾರಿನ ಮೇಲೆ ವಾಸಿಸುವ ಈ ಪದ್ಧತಿ ನೋಂದಣಿಯ ಗೋಜಿಗೆ ಹೋಗದೆ ಛಾಪಾ ಕಾಗದದಲ್ಲೇ ಮುಗಿಯುವುದು ಹೆಚ್ಚು. ಮಹಡಿಯ ಮೇಲೆ ಭೋಗ್ಯಕ್ಕಿರುವ ಕುಟುಂಬದ ಹಣ ತೀರಿಸುವವರು ಯಾರೆಂಬುದನ್ನು ಕರಾರಿನಲ್ಲಿ ಬರೆಸದೆ ಮುಂಗಡ ಕೊಟ್ಟವರು ಮನೆಯ ಕೀಲಿಗಾಗಿ ಎರಡನೆಯ ಸಲ ಹಣ ಎಣಿಸಬೇಕಾಗಬಹುದು.

ಕೆ. ಆರ್. ಪುರದ ಕಡೆಗೆ ಸಾಗಿದರೆ ಇಕ್ಕಟ್ಟು ನೆಲದಿಂದ ಮೇಲಕ್ಕೆ ಏರುತ್ತದೆ. 2023ರಲ್ಲಿ ನೇರಳೆ ಮಾರ್ಗದ ಮೆಟ್ರೊ ಬೈಯಪ್ಪನಹಳ್ಳಿಯಿಂದಾಚೆಗೆ ಕೂಡಿಕೊಂಡ ಮೇಲೆ ಅಲ್ಲಿನ ಫ್ಲಾಟುಗಳೆಲ್ಲವೂ ಜಾಹೀರಾತುಗಳಲ್ಲಿ ನಿಲ್ದಾಣದಿಂದ ಐದೇ ನಿಮಿಷದ ದೂರದಲ್ಲಿವೆ, ಯಾರ ಗಡಿಯಾರದ ಐದು ನಿಮಿಷವೋ! ಫ್ಲಾಟಿಗೆ ಚಕ್ಕುಬಂದಿಯ ಜೊತೆಗೆ, ನೆಲದಲ್ಲಿ ಎಲ್ಲರೊಂದಿಗೆ ಸೇರಿಕೊಂಡಿರುವ, ಗೆರೆ ಹಾಕಿ ಬೇರೆ ಮಾಡಲಾಗದ ಅವಿಭಾಜ್ಯ ಪಾಲು ಎಂಬುದೊಂದಿದೆ. ಗೋಡೆಗಳೊಳಗೆ ಕಾಲಿಡಬಹುದಾದ ಜಾಗವೇ ಕಾರ್ಪೆಟ್ ಏರಿಯಾ, ಮೊಗಸಾಲೆ ಮತ್ತು ಲಿಫ್ಟುಗಳ ಪಾಲನ್ನೂ ಸೇರಿಸಿ ಉಬ್ಬಿಸಿದ್ದು ಸೂಪರ್ ಬಿಲ್ಟಪ್. ಸ್ಥಿರಾಸ್ತಿ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯಿದೆ ಮೊದಲನೆಯದನ್ನೇ ಆಧಾರವಾಗಿಸಿದ್ದರೂ ಮಾತಿನ ವ್ಯಾಪಾರದಲ್ಲಿ ಎರಡನೆಯದೇ ಓಡಾಡುತ್ತಿದೆ.

ಇಷ್ಟೆಲ್ಲ ತೊಡಕಿದ್ದರೂ ಜನರು ಹಲಸೂರನ್ನು, ಶಿವಾಜಿನಗರವನ್ನು ಬಿಟ್ಟು ಹೋಗಲು ಒಪ್ಪದಿರುವುದಕ್ಕೆ ಕಾರಣ ಮೂಢ ಅಭಿಮಾನವಲ್ಲ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆ, ಬಸ್ ನಿಲ್ದಾಣ, ಬೌರಿಂಗ್ ಆಸ್ಪತ್ರೆ, ಮಸೀದಿ, ಚರ್ಚು, ಗುಡಿ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿರುವಾಗ, ಕಾರಿಲ್ಲದ ವೃದ್ಧರು ಯಾರ ಹಂಗೂ ಇಲ್ಲದೆ ಬದುಕಬಲ್ಲರು, ಬಾಗಿಲು ಒಂಬತ್ತಾದರೂ ತೆರೆಯದಿದ್ದರೆ ಎದುರು ಮನೆಯವರು ಬಂದು ತಟ್ಟುತ್ತಾರೆ. ಅದೇ ಗಲ್ಲಿಯಲ್ಲಿ ಆ ವೃದ್ಧರನ್ನು ಸ್ಟ್ರೆಚರಿನಲ್ಲಿ ಹೊತ್ತು ತಿರುವು ದಾಟಿಸಲಾಗುತ್ತದೆಯೇ ಎಂಬ ಪ್ರಶ್ನೆಯೂ ಅಷ್ಟೇ ನಿಜ. ಆದುದರಿಂದ ಇಂಥ ಕಡೆ ಮನೆಯ ಅಗಲಕ್ಕಿಂತ ಮೊದಲು ಅಳೆಯಬೇಕಾದದ್ದು ಗಲ್ಲಿಯ ಅಗಲವನ್ನು.

ಮನೆ ಕೊಳ್ಳಲು ಹೊರಟವರು ಮುಂಗಡ ಕೊಡುವುದಕ್ಕೆ ಮುನ್ನ ಕ್ರಯಪತ್ರದ ಕರಡನ್ನು ಕೈಯಲ್ಲಿ ಹಿಡಿದು, ಒಂದು ಬೆಳಿಗ್ಗೆ, ನೀರು ಬರುವ ದಿನವನ್ನೇ ನೋಡಿಕೊಂಡು, ಆ ಮನೆಯ ಮುಂದೆ ನಿಂತು ನಾಲ್ಕೂ ದಿಕ್ಕಿನ ಸಾಲುಗಳನ್ನು ಒಂದೊಂದಾಗಿ ಓದಿ, ಆಯಾ ದಿಕ್ಕಿನಲ್ಲಿ ಇರುವವರನ್ನು ಮಾತಾಡಿಸಿ ಬರಬೇಕು.