ಮಳೆ ನಕ್ಷತ್ರದ ಲೆಕ್ಕ

ಉಪನ್ಯಾಸಕ್ಕೆ ಗ್ರಂಥ ಹಿಡಿದು ಬರುವುದು ರೂಢಿ. ನಾನು ತಂದಿರುವುದು ಅಡುಗೆಮನೆ ಗೋಡೆಯ ಪಂಚಾಂಗದ ಕ್ಯಾಲೆಂಡರು. ಜೂನ್ 7–8ರ ಹತ್ತಿರ ಮೃಗಶಿರಾ ಮಳೆ ಅಂತಿದೆ, 21–22ಕ್ಕೆ ಆರಿದ್ರಾ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರೂವರೆ ದಿನ ಇರುತ್ತಾನೆ, 27 ನಕ್ಷತ್ರ ದಾಟಿದರೆ ವರ್ಷ. ಬಿತ್ತನೆಯ ಮಾತೆಲ್ಲ ಈ ಲೆಕ್ಕದಲ್ಲೇ. ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ ಅನ್ನುವುದನ್ನು ನೀವೂ ಕೇಳಿದ್ದೀರಿ.

ಇದನ್ನು ಸಾವಿರಾರು ವರ್ಷದ ಬದಲಾಗದ ಜ್ಞಾನ ಎಂದು ಹೊಗಳುವವರಿದ್ದಾರೆ. ನನ್ನ ತಕರಾರು ಅಲ್ಲೇ. ಪಂಚಾಂಗ ವರ್ಷವನ್ನು ಎಣಿಸುವುದು ನಕ್ಷತ್ರ ಹಿಡಿದು. ಮಳೆ, ಚಳಿ ನಡೆಯುವುದು ಅಯನ ಹಿಡಿದು. ಎರಡರ ನಡುವೆ ವರ್ಷಕ್ಕೆ ಸುಮಾರು 20 ನಿಮಿಷದ ವ್ಯತ್ಯಾಸ. ಇಪ್ಪತ್ತು ನಿಮಿಷ ಏನು ಮಹಾ ಅನ್ನಬೇಡಿ. ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನ, ಸಾವಿರ ವರ್ಷಕ್ಕೆ ಹದಿನಾಲ್ಕು ದಿನ, ಅಂದರೆ ಒಂದು ಇಡೀ ಮಳೆ! ಸಂಕ್ರಾಂತಿಯನ್ನೇ ನೋಡಿ: ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ, ನಾವು ಎಳ್ಳು ಬೀರುವುದು ಜನವರಿ 14–15ಕ್ಕೆ. ಈಗ ರೋಹಿಣಿ ನಡೆಯುವ ಹವೆಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಮೃಗಶಿರಾ ನಡೆಯುತ್ತಿತ್ತು. ಅಂದಿನ ಗಾದೆ ಹಾಗೇ ಉಳಿದಿದ್ದರೆ ಇವತ್ತು ಒಂದು ಮಳೆಯಷ್ಟು ಸುಳ್ಳಾಗಿರಬೇಕು. ಆಗಿಲ್ಲ. ಹೊಲ ನೋಡುತ್ತಿದ್ದವರೇ ತಲೆಮಾರಿನಿಂದ ತಲೆಮಾರಿಗೆ ಗಾದೆಯನ್ನು ಸದ್ದಿಲ್ಲದೆ ತಿದ್ದಿರಬೇಕು ಎಂಬುದು ನನ್ನ ಊಹೆ.

ಹೀಗೆ ಊಹಿಸಲು ಕಾರಣವಿದೆ. ವಿಜಯಪುರದ ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳಕ್ಕೆ ಉತ್ತರಿ, ಹಸ್ತ ಎಂದು ಹೆಸರು ಹೇಳುತ್ತಾರೆ, ನಿಜ. ಕೂರಿಗೆ ಹೂಡುವ ಮುಂಚೆ ಮಾತ್ರ ಒಂದು ಹಿಡಿ ಮಣ್ಣೆತ್ತಿ ಹಿಸುಕುತ್ತಾರೆ. ಕೈಗೆ ಅಂಟಿತೋ, ಇನ್ನೂ ಕಾಯಬೇಕು. ಒಣಪುಡಿಯಾಗಿ ಉದುರಿತೋ, ಹದ ಹೋಯಿತು. ಆಮೇಲೆ ಮಳೆ ಬರುತ್ತದೆಂಬ ನೆಚ್ಚಿಕೆ ಇಲ್ಲ; ಎರೆಮಣ್ಣು ಒಳಗೆ ಹಿಡಿದಿಟ್ಟ ತೇವದಲ್ಲೇ ತೆನೆ ಕಟ್ಟಬೇಕು. ಹೆಸರು ಹಸ್ತವೋ ಚಿತ್ತವೋ, ತೀರ್ಮಾನ ಮುಷ್ಟಿಯದು.

ಗಾದೆ ಸಂಗ್ರಹಿಸುವ ನಮ್ಮ ವಿದ್ವಾಂಸರ ಮೇಲೆ ನನಗೊಂದು ಮುನಿಸಿದೆ. ಗಾದೆ ಅಚ್ಚಾಗುತ್ತದೆ, ಯಾವ ತಾಲ್ಲೂಕು, ಕೆಂಪು ಮಣ್ಣೋ ಎರೆಯೋ, ಯಾವ ಇಸವಿಯಲ್ಲಿ ಯಾರ ಬಾಯಲ್ಲಿ ಕೇಳಿದ್ದು, ಇದು ಎಷ್ಟೋ ಸಲ ಅಚ್ಚಾಗುವುದೇ ಇಲ್ಲ. ಈಗ ಗ್ರಾಮ ಪಂಚಾಯ್ತಿಗಳಲ್ಲೇ ಮಳೆಮಾಪಕಗಳಿವೆ. ಅವುಗಳ ಅಂಕಿಗಳನ್ನು ತಿಂಗಳುವಾರು ಬಿಟ್ಟು ನಕ್ಷತ್ರವಾರು ಕೂಡಿಸಿ, ಆಯಾ ಊರಿನ ಗಾದೆಯ ಪಕ್ಕ ಬರೆದಿಡಲು ಕಾಲೇಜು ಹುಡುಗರೇ ಸಾಕು. ನಿಮ್ಮ ಸಂಘವೇ ಒಂದು ತಾಲ್ಲೂಕಿನಿಂದ ಶುರುಮಾಡಬಹುದು.