ಬಾಗಿಲ ಮುಂದಿನ ಎರಡು ನಿಮಿಷ

ನಮ್ಮಲ್ಲಿ ಎಂಬಿಬಿಎಸ್ ಸೀಟು ನೀಟ್ ಅಂಕದ ಮೇಲೆ ನಿಂತಿದೆ; ಎದುರು ಕೂರಿಸಿಕೊಂಡು ಯಾರೂ ಮಾತಾಡಿಸುವುದಿಲ್ಲ. ಕೆನಡಾದಲ್ಲಿ ಹಾಗಲ್ಲ. ಅಲ್ಲಿನ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ ರೂಪಿಸಿ, 2004ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಒಂದು ದೊಡ್ಡ ಸಂದರ್ಶನದ ಬದಲು ಸಾಲಾಗಿ ಪುಟ್ಟ ಸಂದರ್ಶನಗಳು. ಬಾಗಿಲ ಮೇಲಿನ ಚೀಟಿ ಓದಿ ಯೋಚಿಸಲು 2 ನಿಮಿಷ, ಒಳಗೆ 8 ನಿಮಿಷ. ಪ್ರತಿ ಕೋಣೆಯಲ್ಲೂ ಹೊಸ ಪರೀಕ್ಷಕರು. ಒಂದು ಕಡೆ ಎಡವಿದ್ದು ಮುಂದಿನ ಬಾಗಿಲಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಈ ಕರುಣೆ ನನಗೆ ಬಹಳ ಹಿಡಿಸಿದೆ.

ಪ್ರಶ್ನೆ ಹೀಗಿರಬಹುದು: ಮಗನೊಬ್ಬ ಬಂದು, ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳಬೇಡಿ ಅನ್ನುತ್ತಾನೆ. ಏನು ಮಾಡುವಿರಿ? ನಮ್ಮ ಮನೆಗಳ ಪ್ರಶ್ನೆಯೂ ಇದೇ ಅಲ್ಲವೇ! ಬಾಯಿಪಾಠದ ಉತ್ತರ ಇಲ್ಲಿ ತಕ್ಷಣ ಬಯಲಾಗುತ್ತದೆ. ಅಪ್ಪನಿಗೆ ತಿಳಿಯುವ ಹಕ್ಕಿದೆ. ಮಗನ ಭಯವೂ ನಿಜ. ಎರಡನ್ನೂ ಬಿಡಿಸಿ ಹೇಳಿ, ಆಮೇಲೆ ನಿಮ್ಮ ನಿರ್ಧಾರ ತಿಳಿಸಬೇಕು.

ಮೊದಲ ಸಂದರ್ಶನಕ್ಕೆ ಕೆನಡಾದಲ್ಲಿ ಸಿದ್ಧರಾಗುತ್ತಿರುವ ಕನ್ನಡದ ಮಕ್ಕಳೇ, ಮಾದರಿ ಉತ್ತರಗಳನ್ನು ಬದಿಗಿಡಿ. ಆಸ್ಪತ್ರೆಯಿಂದ ಬಂದ ಅಜ್ಜಿಯ ಪಕ್ಕ ಕೂತು ಏನಾಯಿತೆಂದು ಕೇಳಿ. ನಡುವೆ ಬಾಯಿ ಹಾಕಬೇಡಿ. ಡಾಕ್ಟರು ಹೇಳಿದ್ದರಲ್ಲಿ ಅಜ್ಜಿಗೆ ಎಷ್ಟು ಅರ್ಥವಾಯಿತು, ಏನನ್ನು ಕೇಳಲು ಅಂಜಿದರು ಎಂಬುದನ್ನು ಬರೆದಿಟ್ಟುಕೊಳ್ಳಿ.