ಪರದೇಶದಲ್ಲಿ ಸಣ್ಣ ಸುಖಗಳು

ಪರದೇಶದಲ್ಲಿ ನೆಲೆಸಿದವರ ಮಾತು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಹರಿಯುತ್ತದೆ. ಒಂದು, ಅಲ್ಲಿಯ ರಸ್ತೆ, ಸೇತುವೆ, ಸಂಬಳ, ಸೌಕರ್ಯಗಳ ವರ್ಣನೆ. ಇನ್ನೊಂದು, ಬಿಟ್ಟುಬಂದ ಊರಿನ ಹಂಬಲ. ಎರಡೂ ಸುಳ್ಳಲ್ಲ. ಆದರೆ ಇವೆರಡರ ನಡುವೆ ದಿನ ಕಳೆಯುವುದೆಂಬುದೊಂದು ಉಂಟಷ್ಟೆ? ಬೆಳಗಾಗುವುದು, ಕೆಲಸಕ್ಕೆ ಹೋಗುವುದು, ಸಂಜೆ ಕಿಟಕಿಯ ಬಳಿ ಕೂರುವುದು – ಈ ದಿನಚರಿಯೊಳಗೆ ಮನುಷ್ಯನ ಮನಸ್ಸನ್ನು ಬಾಡದಂತೆ ಕಾಯುವ ಸಣ್ಣ ಸುಖಗಳ ಮಾತನ್ನು ಯಾರೂ ಅಷ್ಟಾಗಿ ಆಡುವುದಿಲ್ಲ. ಹೇಳಿಕೊಳ್ಳುವಷ್ಟು ದೊಡ್ಡವಲ್ಲ ಎಂಬ ಸಂಕೋಚವಿರಬಹುದು. ಇಂದು ಅವುಗಳನ್ನು ಕುರಿತೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನಿರುವುದು ಫಿನ್ಲೆಂಡಿನ ರಾಜಧಾನಿಯಾದ ಹೆಲ್ಸಿಂಕಿಯಲ್ಲಿ. ಹುಟ್ಟಿ ಬೆಳೆದದ್ದು ಬೆಳ್ತಂಗಡಿಯ ಕಡೆಯ ಒಂದು ಹಳ್ಳಿಯಲ್ಲಿ. ಈ ದೇಶದ ಜನಸಂಖ್ಯೆ ಸುಮಾರು 56 ಲಕ್ಷ. ಬೆಂಗಳೂರಿನ ಜನಸಂಖ್ಯೆಗಿಂತಲೂ ಕಡಿಮೆ. ನೆಲದ ಮುಕ್ಕಾಲು ಪಾಲು ಕಾಡು. ಸಣ್ಣ ದೊಡ್ಡ ಸರೋವರಗಳ ಲೆಕ್ಕ ಸುಮಾರು 1 ಲಕ್ಷ 88 ಸಾವಿರ. ಜೂನ್ ತಿಂಗಳಲ್ಲಿ ಹೆಲ್ಸಿಂಕಿಯ ಹಗಲು ಸುಮಾರು 19 ಗಂಟೆಗಳದು. ಡಿಸೆಂಬರಿನಲ್ಲಿ 6 ಗಂಟೆಗೂ ಕಡಿಮೆ. ಉತ್ತರದ ಅಂಚಿನಲ್ಲಂತೂ ಚಳಿಗಾಲದ ಏಳು ವಾರ ಸೂರ್ಯ ಮೂಡುವುದೇ ಇಲ್ಲ. ಬೆಳಕು ಇಷ್ಟೊಂದು ಏರಿಳಿಯುವ ಕಡೆ ಸುಖವನ್ನು ನಾಳೆಗೆ ಇಟ್ಟುಕೊಳ್ಳುವುದು ಸಾಧ್ಯವಿಲ್ಲ. ಬಿಸಿಲು ಬಂದ ದಿನವೇ ಹೊರಗೆ ಹೋಗಬೇಕು, ಹಣ್ಣಾದ ವಾರವೇ ಹಣ್ಣು ಕೊಯ್ಯಬೇಕು. ಇಲ್ಲಿಯವರಿಂದ ನಾನು ಕಲಿತ ಮೊದಲ ಪಾಠ ಇದು.

ಹಣ್ಣಿನ ವಿಚಾರದಿಂದಲೇ ತೊಡಗುತ್ತೇನೆ. ಜುಲೈ ತಿಂಗಳ ಕೊನೆಗೆ ಇಲ್ಲಿಯ ಕಾಡಿನ ನೆಲವೆಲ್ಲ ಮೊಣಕಾಲೆತ್ತರಕ್ಕೂ ಬಾರದ ಪುಟ್ಟ ಗಿಡಗಳಲ್ಲಿ ಕಡುನೀಲಿಯ ಹಣ್ಣುಗಳಿಂದ ತುಂಬುತ್ತದೆ. ಇವರು ಅದನ್ನು ಮುಸ್ತಿಕ್ಕಾ ಎನ್ನುತ್ತಾರೆ. ತಿಂದರೆ ನಾಲಗೆ, ತುಟಿ, ಬೆರಳು ಎಲ್ಲವೂ ನಮ್ಮ ನೇರಳೆ ತಿಂದಾಗಿನಂತೆಯೇ ಬಣ್ಣ ಕಟ್ಟುತ್ತವೆ. ಸೆಪ್ಟೆಂಬರಿನಲ್ಲಿ ಪುವೊಲುಕ್ಕಾ ಎಂಬ ಕೆಂಪು ಹುಳಿ ಹಣ್ಣಿನ ಸರದಿ. ಹೆಲ್ಸಿಂಕಿಯ ನೆರೆಯಲ್ಲಿರುವ ನೂಕ್ಸಿಯೋ ರಾಷ್ಟ್ರೀಯ ಉದ್ಯಾನಕ್ಕೆ ಊರ ಬಸ್ಸಿನಲ್ಲೇ ಹೋಗಬಹುದು. ಬಕೆಟ್ಟು ಹಿಡಿದು ಹೊರಟ ಮುದುಕರು, ಮಕ್ಕಳು, ಕಚೇರಿಯ ದೊಡ್ಡ ಅಧಿಕಾರಿಗಳು, ಎಲ್ಲರೂ ಅದೇ ಬಸ್ಸಿನಲ್ಲಿರುತ್ತಾರೆ.

ಇದರಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಹಣ್ಣಿನ ರುಚಿಗಿಂತ ಹೆಚ್ಚಾಗಿ ಅದರ ಹಿಂದಿರುವ ಕಟ್ಟಳೆ. ‘ಪ್ರತಿಯೊಬ್ಬನ ಹಕ್ಕು’ ಎಂಬುದು ಇಲ್ಲಿಯ ಹಳೆಯ ಸಂಪ್ರದಾಯ. ಅದು ಯಾವುದೋ ಒಂದೇ ಶಾಸನದಲ್ಲಿ ಬರೆದಿಟ್ಟದ್ದಲ್ಲ. ರೂಢಿಯಿಂದ ಬಂದು, ಹಲವು ಕಾಯಿದೆಗಳಲ್ಲಿ ಹರಡಿಕೊಂಡು ನಿಂತಿದೆ. ಕಾಡು ಯಾರದೇ ಆಗಿರಲಿ, ಅಲ್ಲಿ ನಡೆದಾಡಲು, ಕಾಡುಹಣ್ಣು ಕೊಯ್ಯಲು, ಅಣಬೆ ಆರಿಸಲು ಒಡೆಯನ ಅಪ್ಪಣೆ ಬೇಕಿಲ್ಲ. ಮಿತಿಗಳೂ ಉಂಟು. ಮರ ಕಡಿಯುವಂತಿಲ್ಲ, ಪಾಚಿ ಕೀಳುವಂತಿಲ್ಲ, ಒಡೆಯನನ್ನು ಕೇಳದೆ ಬೆಂಕಿ ಹಾಕುವಂತಿಲ್ಲ, ಮನೆಯಂಗಳಕ್ಕೆ ಕಾಲಿಡುವಂತಿಲ್ಲ, ಬೆಳೆದ ಹೊಲವನ್ನು ತುಳಿಯುವಂತಿಲ್ಲ. ಇಷ್ಟನ್ನು ಪಾಲಿಸಿದರೆ ಹಣ್ಣು ಕೊಯ್ದವನದು. ಮಾರಿದರೆ ಆ ಹಣಕ್ಕೆ ತೆರಿಗೆಯೂ ಇಲ್ಲ. ಮುಖ್ಯವಾದ ಮಾತೆಂದರೆ ಈ ಹಕ್ಕು ದೇಶದ ಪ್ರಜೆಗಳಿಗೆ ಮಾತ್ರ ಮೀಸಲಲ್ಲ. ನಿನ್ನೆ ವಿಮಾನದಿಂದ ಇಳಿದ ಪರಕೀಯನಿಗೂ ಅದು ಉಂಟು.

ವಾಸದ ಪರವಾನಗಿ, ಗುರುತಿನ ಸಂಖ್ಯೆ, ಬ್ಯಾಂಕಿನ ಪತ್ರ ಎಂದು ಪರದೇಶದವನು ಹೆಜ್ಜೆಹೆಜ್ಜೆಗೂ ತಾನು ಯಾರೆಂದು ರುಜುವಾತು ಮಾಡುತ್ತಲೇ ಇರಬೇಕಾಗುತ್ತದೆ. ಕಾಡು ಮಾತ್ರ ಏನನ್ನೂ ಕೇಳುವುದಿಲ್ಲ. ಬಾಲ್ಯದಲ್ಲಿ ನಾವು ನೇರಳೆ, ಕೇಪಳ, ಕರಂಡೆಗಳನ್ನು ಯಾರ ಗುಡ್ಡ ಎಂದು ಕೇಳದೆ ತಿಂದವರು. ಆ ನಿಶ್ಚಿಂತೆ ದೊಡ್ಡವನಾದ ಮೇಲೆ, ಅದೂ ಇಷ್ಟು ದೂರದಲ್ಲಿ, ಮತ್ತೆ ದೊರಕೀತೆಂದು ನಾನು ಎಣಿಸಿರಲಿಲ್ಲ.

ಎರಡನೆಯದು ಸ್ನಾನದ ಸುಖ. ಫಿನ್ಲೆಂಡಿನ ಸೌನಾ ಲೋಕಪ್ರಸಿದ್ಧ. 56 ಲಕ್ಷ ಜನರ ಈ ನಾಡಿನಲ್ಲಿ 30 ಲಕ್ಷದಷ್ಟು ಸೌನಾಗಳಿವೆಯೆಂದು ಅಂದಾಜು. 2020ರಲ್ಲಿ ಯುನೆಸ್ಕೋ ಸಂಸ್ಥೆ ಈ ಸ್ನಾನಸಂಸ್ಕೃತಿಯನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಮರದ ಹಲಗೆಗಳ ಸಣ್ಣ ಕೋಣೆ. ಒಲೆಯ ಮೇಲೆ ಕಾದ ಕಲ್ಲುಗಳ ರಾಶಿ. 80 ಡಿಗ್ರಿಗೂ ಮೇಲಿನ ಕಾವು. ಕಲ್ಲಿಗೆ ನೀರು ಚಿಮುಕಿಸಿದಾಗ ಏಳುವ ಹಬೆಗೆ ಲೊಯ್ಲು ಎಂದು ಹೆಸರು. ಆ ಪದಕ್ಕೆ ಹಿಂದೆ ಉಸಿರು, ಪ್ರಾಣ ಎಂಬ ಅರ್ಥವಿತ್ತಂತೆ. ಅದರ ಸೋದರ ಪದ ಹಂಗೇರಿಯನ್ ಭಾಷೆಯಲ್ಲಿ ಇಂದಿಗೂ ಆತ್ಮವೆಂಬ ಅರ್ಥದಲ್ಲಿದೆ. ಹಿಂದಿನ ಕಾಲದಲ್ಲಿ ಹೆರಿಗೆಯಾಗುತ್ತಿದ್ದುದು ಸೌನಾದಲ್ಲಿ. ಸತ್ತವರ ಮೈ ತೊಳೆಯುತ್ತಿದ್ದುದೂ ಅಲ್ಲೇ. ಹಾಗಾಗಿ ಅದರೊಳಗೆ ಗಟ್ಟಿಯಾಗಿ ಮಾತಾಡುವುದನ್ನು, ಜಗಳವಾಡುವುದನ್ನು ಹಿರಿಯರು ಸಹಿಸುವುದಿಲ್ಲ.

ನನಗಿದು ಸಂಪೂರ್ಣ ಹೊಸತೆನಿಸಲಿಲ್ಲ. ನಮ್ಮೂರ ಬಚ್ಚಲುಮನೆಯನ್ನು ನೆನೆಯಿರಿ. ಗೋಡೆಗೆ ಹಿಡಿದ ಮಸಿ, ಒಲೆಯಲ್ಲಿ ಒಣಸೋಗೆ ಉರಿಯುವ ಸದ್ದು, ತಾಮ್ರದ ಹಂಡೆಯಿಂದೇಳುವ ಹಬೆ. ನೀರು ತುಂಬುವ ಹಬ್ಬದಂದು ಹಂಡೆಯ ಕೊರಳಿಗೆ ಹಿಂಡಲೆಯ ಬಳ್ಳಿ ಸುತ್ತಿ ಪೂಜೆ ಮಾಡಿ, ಮರುದಿನ ಬೆಳಕು ಹರಿಯುವ ಮೊದಲೇ ಮೈಗೆ ಎಣ್ಣೆ ತಿಕ್ಕಿಸಿಕೊಂಡು ಮೀಯುವ ಸುಖವನ್ನು ಕಂಡವನಿಗೆ ಸೌನಾ ಎಂಬುದು ಅದೇ ಬಳಗದ ಇನ್ನೊಂದು ಮನೆ. ನಾನು ವಾಸಿಸುವ ಕಟ್ಟಡದಲ್ಲಿ ಎಲ್ಲ ಮನೆಗಳಿಗೂ ಸೇರಿ ಒಂದೇ ಸೌನಾ. ವಾರಕ್ಕೊಮ್ಮೆ ನನ್ನ ಸರದಿ. ಹಿಮ ಬೀಳುವ ಸಂಜೆ ಒಂದು ಗಂಟೆ ಅಲ್ಲಿ ಕುಳಿತು ಹೊರಬಂದರೆ ವಾರದ ದಣಿವೆಲ್ಲ ಇಳಿದಿರುತ್ತದೆ.

ಕಾಫಿಯ ವಿಷಯ ಬಿಡಲಾದೀತೆ? ಫಿನ್ನರು ಲೋಕದಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವವರ ಸಾಲಿಗೆ ಸೇರಿದವರು. ತಲೆಗೆ ವರ್ಷಕ್ಕೆ ಸುಮಾರು 10 ಕಿಲೋ ಬೀಜ ಬೇಕು. ಕೆಲಸದ ನಡುವಿನ ಕಾಫಿ ವಿರಾಮವನ್ನು ಕಾರ್ಮಿಕ ಒಪ್ಪಂದಗಳಲ್ಲೇ ಬರೆದಿರುತ್ತದೆ. ಡಿಕಾಕ್ಷನ್ನಿಗೆ ಹಾಲು ಬೆರೆಸಿ ಬೆಳೆದ ನಾಲಗೆಗೆ ಇಲ್ಲಿಯ ಹಗುರವಾಗಿ ಹುರಿದ ಕಾಫಿ ತೆಳುವೆನಿಸುವುದು ಸಹಜ. ಆದರೆ ಅದರ ಜೊತೆಗೆ ಪುಲ್ಲಾ ಎಂಬ ಸಿಹಿ ಬನ್ನು ಬರುತ್ತದೆ. ಅದರ ಪರಿಮಳ ಏಲಕ್ಕಿಯದು. ಈ ಏಲಕ್ಕಿ ಇಂದು ಯಾವ ದೇಶದಿಂದ ಬಂದದ್ದಾದರೂ ಆ ಗಿಡದ ತವರು ನಮ್ಮ ಪಶ್ಚಿಮ ಘಟ್ಟವೇ. ಹಿಮದ ಬೀದಿಯಲ್ಲಿ ನಡೆಯುವಾಗ ಬೇಕರಿಯ ಬಾಗಿಲಿನಿಂದ ಆ ಕಂಪು ತೇಲಿಬಂದರೆ, ಘಟ್ಟದ ಮಗ್ಗುಲಲ್ಲಿ ಬೆಳೆದ ಯಾರಾದರೂ ಒಂದು ಕ್ಷಣ ನಿಲ್ಲದಿರಲಾರರು.

ಭಾಷೆಯೂ ಒಂದು ಸುಖವೇ. ಫಿನ್ನಿಷಿನಲ್ಲಿ ವಿಭಕ್ತಿಗಳು 15. ಕೇಳಿದವರು ಹೆದರುತ್ತಾರೆ, ಕನ್ನಡಿಗನಿಗೆ ಅಷ್ಟು ಹೆದರಿಕೆಯಿಲ್ಲ. ‘ತಾಲೋ’ ಎಂದರೆ ಮನೆ, ‘ತಾಲೊಸ್ಸಾ’ ಎಂದರೆ ಮನೆಯಲ್ಲಿ, ‘ತಾಲೊಸ್ತಾ’ ಎಂದರೆ ಮನೆಯಿಂದ. ಪ್ರತ್ಯಯ ಪದದ ಬೆನ್ನಿಗೆ ಅಂಟಿಕೊಳ್ಳುವ ಈ ಕ್ರಮ ನಮಗೆ ಹುಟ್ಟಿನಿಂದ ಬಂದದ್ದು. 1856ರಲ್ಲಿ ಕಾಲ್ಡ್‌ವೆಲ್ ತನ್ನ ದ್ರಾವಿಡ ವ್ಯಾಕರಣದಲ್ಲಿ ಇಂಥ ಭಾಷೆಗಳೊಡನೆ ನಮ್ಮ ನುಡಿಗಳಿಗೆ ನಂಟು ಕಲ್ಪಿಸಿದ್ದನು. ವಿದ್ವಾಂಸರು ಆ ಮಾತನ್ನು ಒಪ್ಪಿಲ್ಲ; ಆದರೂ ನೆರೆಮನೆಯ ಅಜ್ಜಿಯೊಡನೆ ತೊದಲುವಾಗ ಆ ಹೋಲಿಕೆಯೇ ನನಗೆ ಊರುಗೋಲು.

ಇನ್ನು ಪುಸ್ತಕಭಂಡಾರ. ಹೆಲ್ಸಿಂಕಿಯ ನಡುವೆ 2018ರ ಡಿಸೆಂಬರಿನಲ್ಲಿ ತೆರೆದ ಓದಿ ಎಂಬ ಗ್ರಂಥಾಲಯದಲ್ಲಿ ಹೊಲಿಗೆ ಯಂತ್ರವನ್ನೂ ಬಳಸಬಹುದು, ಸುಮ್ಮನೆ ಹಿಮ ನೋಡುತ್ತಲೂ ಕೂರಬಹುದು. ಯಾರೂ ಏಕೆಂದು ಕೇಳುವುದಿಲ್ಲ. ‘ಕಲೇವಾಲ’ವನ್ನು 1835ರಲ್ಲಿ ಪಡೆದ ಈ ಜನರಿಗೆ ಹಾಡುಗಬ್ಬಗಳೆಂದರೆ ಬಲು ಆದರ. ಇಲ್ಲಿಯ ಜಾನಪದ ವಿದ್ವಾಂಸ ಲೌರಿ ಹೋಂಕೋ ಅವರು 1990ರಲ್ಲಿ, ವಿವೇಕ ರೈ, ಚಿನ್ನಪ್ಪ ಗೌಡ ಅವರೊಡಗೂಡಿ, ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಪಾಡ್ದನವನ್ನು ದಾಖಲಿಸಿದರು. 15 ಸಾವಿರಕ್ಕೂ ಹೆಚ್ಚು ಸಾಲುಗಳ ಆ ಕಾವ್ಯ 1998ರಲ್ಲಿ ಅಚ್ಚಾದದ್ದು ಹೆಲ್ಸಿಂಕಿಯಲ್ಲಿ. ನಮ್ಮ ಗದ್ದೆಯ ಬದಿಯ ಹಾಡು ನನಗಿಂತ ಮುಂಚೆಯೇ ಇಲ್ಲಿಗೆ ಬಂದು ನೆಲೆಸಿತ್ತು.

ಇಷ್ಟು ಹೇಳುವಾಗ ಒಂದು ಪ್ರಶ್ನೆ ಎದುರಾಗುತ್ತದೆ. ತಾಯಿ ಊರಿನಲ್ಲಿ ಒಬ್ಬಳೇ ಇರುವಾಗ ಮಗನು ದೂರದಲ್ಲಿ ಸುಖವಾಗಿದ್ದೇನೆ ಎನ್ನುವುದು ಹೇಗೆ? ಭಾನುವಾರ ಫೋನು ಮಾಡಿದಾಗಲೆಲ್ಲ ಅಮ್ಮನ ಮೊದಲ ಮಾತು, ‘ಸುಖವುಂಟಾ?’ ಎಂದು. ಅದು ವಾಡಿಕೆಯ ಮಾತಾದರೂ ವಾಡಿಕೆಯ ಉತ್ತರ ಬಾಯಿಗೆ ಬರುವುದಿಲ್ಲ. ತಂದೆ ತೀರಿಕೊಂಡಾಗ ಸುದ್ದಿ ತಿಳಿದ ಗಳಿಗೆಯಲ್ಲೇ ಹೊರಟರೂ, ಎರಡು ವಿಮಾನ ಬದಲಿಸಿ ಮನೆ ಮುಟ್ಟುವಷ್ಟರಲ್ಲಿ ಚಿತೆ ಆರಿತ್ತು. ದೂರವಿರುವವರೆಲ್ಲರ ತಲೆಯ ಮೇಲೆ ತೂಗುವ ಭಯ ಇದು. ಹಣ್ಣು, ಹಬೆ, ಏಲಕ್ಕಿಯ ಕಂಪುಗಳು ಇದನ್ನು ನೀಗಿಸಲಾರವು.

ಆದರೆ ಈ ದುಃಖಕ್ಕೂ ಇಲ್ಲಿ ಒಂದು ಎಡೆ ಸಿಕ್ಕಿತು. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಫಿನ್ನರು ಸಂಸಾರ ಸಮೇತರಾಗಿ ಸ್ಮಶಾನಕ್ಕೆ ಹೋಗಿ ಹಿರಿಯರ ಗೋರಿಗಳ ಮುಂದೆ ಮೇಣದ ದೀಪ ಹಚ್ಚುತ್ತಾರೆ. ಮೂರು ಗಂಟೆಗೇ ಕತ್ತಲೆ. ಹಿಮದ ಮೇಲೆ ಸಾವಿರಾರು ದೀಪ. ಅನೇಕ ಸ್ಮಶಾನಗಳಲ್ಲಿ ಒಂದು ಮೂಲೆಯನ್ನು ‘ಬೇರೆಡೆ ಮಣ್ಣಾದವರ’ ನೆನಪಿಗೆಂದು ಬಿಟ್ಟಿರುತ್ತಾರೆ. 1939ರಿಂದ 1944ರವರೆಗಿನ ಯುದ್ಧಗಳಲ್ಲಿ ಫಿನ್ಲೆಂಡ್ ಕರೇಲಿಯಾ ಪ್ರಾಂತದ ಬಹುಭಾಗವನ್ನು ಸೋವಿಯತ್ ಒಕ್ಕೂಟಕ್ಕೆ ಒಪ್ಪಿಸಬೇಕಾಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಾರು ಬಿಟ್ಟು ಬಂದರು. ಅವರ ಹಿರಿಯರ ಗೋರಿಗಳು ಗಡಿಯಾಚೆ ಉಳಿದವು. ಅಂಥವರೂ ದೀಪ ಹಚ್ಚಲೊಂದು ಜಾಗ ಬೇಕಲ್ಲವೆ? ತಂದೆ ಹೋದ ವರ್ಷ ನಾನೂ ಅಲ್ಲೊಂದು ದೀಪವಿಟ್ಟೆ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ನನ್ನ ಬತ್ತಿ ಗಾಳಿಗೆ ಆರಿದ್ದನ್ನು ಕಂಡು ತನ್ನ ದೀಪವನ್ನು ಚಾಚಿದಳು. ಯಾರಿಗೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಣ್ಣ ಸುಖಗಳೆಂದು ನಾವು ಕರೆಯುವವುಗಳ ಗುಟ್ಟು ಇಲ್ಲಿರಬೇಕೆಂದು ನನಗೆ ತೋರುತ್ತದೆ. ಅವು ತಾವಾಗಿ ಹುಟ್ಟುವುದಿಲ್ಲ. ಯಾರೋ ಹಿಂದೆ ಎಂದೋ ತಮ್ಮದಲ್ಲದವರಿಗೂ ಸ್ವಲ್ಪ ಎಡೆ ಬಿಟ್ಟಿರುತ್ತಾರೆ: ಕಾಡಿನಲ್ಲಿ ಒಂದು ಕಾಲುದಾರಿ, ಗ್ರಂಥಾಲಯದಲ್ಲಿ ಒಂದು ಕುರ್ಚಿ, ಸ್ಮಶಾನದಲ್ಲಿ ಒಂದು ಮೂಲೆ. ಆ ಎಡೆಯಲ್ಲಿ ಕುಳಿತು ಉಸಿರಾಡುವುದು ತಾಯ್ನೆಲಕ್ಕೆ ಮಾಡುವ ದ್ರೋಹವಲ್ಲ. ಗುಡ್ಡದ ಕರಂಡೆಯನ್ನು ಯಾರನ್ನೂ ಕೇಳದೆ ತಿಂದು ಬೆಳೆದವನಿಗೆ ಅದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಈಗ ಅಮ್ಮ ಕೇಳಿದಾಗ ‘ಉಂಟು’ ಎನ್ನುತ್ತೇನೆ. ಯಾವುದರಲ್ಲಿ ಉಂಟೆಂದು ವಿವರಿಸಿಯೂ ಹೇಳುತ್ತೇನೆ. ಆಕೆಗೆ ವಿವರಗಳೇ ಬೇಕು. ಕಳೆದ ಬಾರಿ ಊರಿಗೆ ಹೋದಾಗ ನಾನೇ ಕೊಯ್ದ ಕೆಂಪು ಹಣ್ಣಿನ ಜಾಮಿನ ಭರಣಿಯೊಂದನ್ನು ಕೊಂಡೊಯ್ದಿದ್ದೆ. ಅಮ್ಮ ಅದನ್ನು ನೀರುದೋಸೆಗೆ ಹಚ್ಚಿಕೊಂಡು ತಿಂದು, ಸ್ವಲ್ಪ ಯೋಚಿಸಿ, ಕರಂಡೆಯಷ್ಟು ಹುಳಿಯಿಲ್ಲ, ಆದರೂ ಅಡ್ಡಿಯಿಲ್ಲ ಎಂದಳು.